ಇಪ್ಪತ್ತೆಂಟು ಹಸಿರು ಅಂಕಗಳು

ಇವತ್ತು ಹೇಳಿಯೇಬಿಡಬೇಕು ಎಂದು ಮಾರಿಸ್ ಬ್ಯಾಗ್ಲಿ ಓಟ್ಸ್ ಗಂಜಿಯ ಬಟ್ಟಲಿನ ಮೇಲೆ ಬಗ್ಗಿ ಕೂತು ಏಳನೆಯ ಸಲ ನಿಶ್ಚಯ ಮಾಡಿದ. ಹಿಂದಿನ ಆರು ಗುರುವಾರಗಳಲ್ಲೂ ಇದೇ ಬಟ್ಟಲು, ಇದೇ ಗಂಜಿ, ಇದೇ ನಿಶ್ಚಯ. ಆ ಮನುಷ್ಯನನ್ನು ಕಂಡ ಮೊದಲ ವಾರ ಧೈರ್ಯ ಸಾಲಲಿಲ್ಲ. ಎರಡನೆಯ ವಾರ ನೆಗಡಿ. ಕಟ್ಟಿದ ಮೂಗಿನಲ್ಲಿ ತಪ್ಪೊಪ್ಪಿಕೊಂಡರೆ ಅಳುತ್ತಿದ್ದಾನೆ ಅಂದುಕೊಂಡಾರು ಎಂದು ಬಿಟ್ಟ. ಮೂರನೆಯ ವಾರ ಆಸ್ಪತ್ರೆಯ ವ್ಯಾಯಾಮದ ಹಾಲಿನಲ್ಲಿ ರೇಡಿಯೋ ಜೋರಾಗಿತ್ತು. ನಾಲ್ಕರಿಂದ ಮುಂದೆ ನೆಪ ಹುಡುಕುವ ಶ್ರಮವನ್ನೂ ತೆಗೆದುಕೊಳ್ಳದೆ ಸುಮ್ಮನೆ ಹೇಳದೆ ಬಂದಿದ್ದ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪತ್ರೆಯವರು ಎಂಟು ವಾರ ವ್ಯಾಯಾಮ ಮಾಡಿಸುತ್ತಾರೆ, ಎಂಟೇ ವಾರ, ಇವತ್ತು ಕೊನೆಯದು. ಇವತ್ತು ತಪ್ಪಿದರೆ, ಅಲ್ಲಿಗೇ ವ್ಯಾಯಾಮಕ್ಕೆ ಬರುವ ರೋಲಿ ಗಾಸ್ಲಿಂಗ್ ಅವನ ದಾರಿ ಹಿಡಿಯುತ್ತಾನೆ, ತಾನು ತನ್ನ ದಾರಿ ಹಿಡಿಯುತ್ತೇನೆ, ಆಮೇಲೆ ಇಬ್ಬರಲ್ಲಿ ಒಬ್ಬರು ಮೊದಲು ಸಾಯುತ್ತಾರೆ. ನಲವತ್ತಾರು ವರ್ಷದ ಹಿಂದೆ ತಾನು ಆ ಮನುಷ್ಯನಿಗೆ ಕೊಡದೆ ಬಿಟ್ಟ ಇಪ್ಪತ್ತೆಂಟು ಅಂಕಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಎದುರಿಗೆ ಕೂತಿದ್ದ ಹೆಂಡತಿ ಡೋರೀನ್ ಟೋಸ್ಟಿಗೆ ಬೆಣ್ಣೆ ಸವರುತ್ತ ಅವನ ಮುಖ ನೋಡಿದಳು. ನಾಲ್ಕನೆಯ ವಾರದಲ್ಲಿ ಅವನು ತಡೆಯಲಾರದೆ ಅವಳ ಹತ್ತಿರ ಎಲ್ಲ ಹೇಳಿಕೊಂಡಿದ್ದ. ಅವಳು, ಇಷ್ಟೇನಾ, ನಾನು ಯಾವಳೋ ಹೆಂಗಸಿನ ವಿಷಯ ಅಂದುಕೊಂಡೆ, ಎಂದು ಟಿವಿ ಹಾಕಿದ್ದಳು.

"ಒಂದು ಮಾತು ಹೇಳೋಕೆ ಎಂಟು ವಾರ," ಎಂದಳು ಈಗ. "ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೂ ಹೀಗೇ ಮಾಡಿದ್ದೆ. ಕೊನೆಗೆ ನಾನೇ ಕೇಳ್ಬೇಕಾಯ್ತು. ಗಂಜಿ ತಿನ್ನು, ಆರ್ತಾ ಇದೆ."

ಆಸ್ಪತ್ರೆಯ ಹಾಲಿನಲ್ಲಿ ಮೊದಲ ಗುರುವಾರ ಗ್ವೆನ್ ಹಾಜರಿ ಕೂಗಿದ್ದಳು. ಗ್ವೆನ್ ವ್ಯಾಯಾಮ ಮಾಡಿಸುವ ಹುಡುಗಿ, ವೇಲ್ಸ್ ಕಡೆಯವಳು, ಮುದುಕರನ್ನು ಮಕ್ಕಳಂತೆ ಗದರಿಸುವುದರಲ್ಲಿ ಪಳಗಿದವಳು. ಅವಳು ರೋಲಂಡ್ ಗಾಸ್ಲಿಂಗ್ ಎಂದದ್ದೇ ಮಾರಿಸನ ಎದೆ ಧಸಕ್ಕೆಂದಿತು, ಎದೆಗೆ ಕಟ್ಟಿದ್ದ, ಬಡಿತ ಎಣಿಸುವ ಯಂತ್ರ ಅದನ್ನು ಬರೆದೂ ಇಟ್ಟುಕೊಂಡಿತು. ಕೈಯೆತ್ತಿದವನಿಗೆ ಬೊಕ್ಕ ತಲೆ, ಡೊಳ್ಳು ಹೊಟ್ಟೆ, ಎರಡು ಕಿವಿಗೂ ಶ್ರವಣಯಂತ್ರ. ಇವನಲ್ಲ ಬಿಡು ಎಂದು ಉಸಿರು ಬಿಡುವಷ್ಟರಲ್ಲಿ ಆ ಮುದುಕ ಪಕ್ಕದ ವ್ಯಾಯಾಮದ ಸೈಕಲ್ ಹತ್ತಿದ. ಹತ್ತಿದವನ ಎಡಗಾಲು ತಾನಾಗಿ ಪೆಡಲ್ ಬಿಟ್ಟು ಹೊರಕ್ಕೆ ಚಾಚಿಕೊಂಡಿತು. ಬೈಕ್ ಪಂದ್ಯಗಳ ಎಡಕ್ಕೇ ತಿರುಗುವ ತಿರುವುಗಳಲ್ಲಿ, ಎಡಬೂಟಿನ ಅಡಿಗೆ ಉಕ್ಕಿನ ಲಾಳ ಬಿಗಿದು, ಅದನ್ನು ಕೆಂಪು ಮಣ್ಣಿನ ಮೇಲೆ ಕೊರೆಯುತ್ತ ಹೋದ ಕಾಲು ಅದು. ಮೈ ಮರೆತರೂ ಕಾಲು ಮರೆತಿರಲಿಲ್ಲ. ಅಂದಿನಿಂದ ಮಾರಿಸ್ ಎರಡು ತೆರನ ಸಂಕಟ ಅನುಭವಿಸಿದ. ತನ್ನ ಗುರುತು ಹಿಡಿದಾನು ಎಂಬುದು ಒಂದು. ಗುರುತು ಹಿಡಿಯುತ್ತಲೇ ಇಲ್ಲವಲ್ಲ ಎಂಬುದು ಇನ್ನೊಂದು. ಹತ್ತು ವರ್ಷ ಒಂದು ಶುಕ್ರವಾರವೂ ತಪ್ಪಿಸದೆ ಮೂರನೆಯ ತಿರುವಿನ ಕಟಕಟೆಗೆ ಒರಗಿ ನಿಂತವನು ತಾನು, ಟೋಪಿಯ ಮೇಲೆ ಹನ್ನೊಂದು ಬಿಲ್ಲೆ ಚುಚ್ಚಿಕೊಂಡಿದ್ದವನು. ಒಮ್ಮೆಯಾದರೂ ಕಣ್ಣಿಗೆ ಬಿದ್ದಿರಲಾರೆನೇ ಎಂದು ಅವನಿಗೆ ನೋವಾಗುತ್ತಿತ್ತು. ಏಳು ವಾರದಲ್ಲಿ ರೋಲಿ ಗಾಸ್ಲಿಂಗ್ ಪಕ್ಕದಲ್ಲಿ ಸುಮಾರು ಮೂವತ್ತು ಮೈಲಿ ತುಳಿದಿದ್ದ, ಒಂದು ಇಂಚೂ ಮುಂದೆ ಹೋಗದೆ.

ಮೋಟಾರು ಬೈಕು ಎಂಬುದನ್ನು ಮಾರಿಸ್ ಜೀವಮಾನದಲ್ಲಿ ಒಂದೇ ಸಲ ಹತ್ತಿದ್ದು, ಅದೂ ಚಿಕ್ಕಪ್ಪನ ಮೊಪೆಡ್ಡು. ಹತ್ತು ಗಜ ಹೋಗಿ ಕೋಸುಗಡ್ಡೆಯ ಪಾತಿಗೆ ಬಿದ್ದ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತನಾಗಿ ನಲವತ್ತು ವರ್ಷ ಕಳೆದ. ಕಾರನ್ನು ಎಂದೂ ಗಂಟೆಗೆ ಐವತ್ತು ಮೈಲಿ ದಾಟಿಸಿದವನಲ್ಲ, ಮಳೆ ಬಂದರೆ ನಲವತ್ತು. ಅಂಥವನು ಬ್ರೇಕೇ ಇಲ್ಲದ ಬೈಕುಗಳ ಆಟಕ್ಕೆ ಮನಸೋತದ್ದು ಹೇಗೆಂದು ಡೋರೀನಳ ಅಕ್ಕ ಮದುವೆಯ ದಿನವೇ ಕೇಳಿದ್ದಳು. ಹೇಗೆಂದರೆ ಏನು ಹೇಳುವುದು. ಎಂಟು ವರ್ಷದವನಿದ್ದಾಗ ಅತ್ತೆ ಕೈಹಿಡಿದು ಕೆಲ್ಬರಿಯ ಕ್ರೀಡಾಂಗಣಕ್ಕೆ ಕರೆದೊಯ್ದಳು. ನಾಲ್ಕು ಜನ ಒಂದು ಸಾಲಿನಲ್ಲಿ ನಿಂತರು, ಅಡ್ಡ ಹಿಡಿದ ಪಟ್ಟಿ ಚಂಗನೆ ಮೇಲೆ ಹಾರಿತು, ನಾಲ್ಕೂ ಬೈಕು ಒಂದೇ ತಿರುವಿಗೆ ನುಗ್ಗಿದವು. ತಿರುವಿನಲ್ಲಿ ಅವು ಮುಂದಕ್ಕೆ ಹೋಗದೆ ಅಡ್ಡಡ್ಡಲಾಗಿ ಜಾರುತ್ತಿದ್ದವು, ಎದ್ದ ಕೆಂಪು ಮಣ್ಣು ಅವನ ಬಾಯಿಗೂ ಚಿಪ್ಸಿನ ಪೊಟ್ಟಣಕ್ಕೂ ಬಿತ್ತು, ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಮನೆಯಲ್ಲಿ ಅದೇ ಹರಳೆಣ್ಣೆಯನ್ನು ಅಮ್ಮ ಶನಿವಾರಕ್ಕೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದಳು. ಇಲ್ಲಿ ಎಂಜಿನ್ನುಗಳು ಕುಡಿದು ಇಷ್ಟು ಚೆನ್ನಾಗಿ ಓಡುತ್ತವಲ್ಲ ಎಂದು ಆಶ್ಚರ್ಯವಾಯಿತು. ಒಂದು ನಿಮಿಷದಲ್ಲಿ ನಾಲ್ಕು ಸುತ್ತು ಮುಗಿದುಹೋಯಿತು. ಆಗ ಅತ್ತೆ ಕೈಚೀಲದಿಂದ ಪೆನ್ನು ತೆಗೆದು, ಪ್ರೋಗ್ರಾಮ್ ಪುಸ್ತಿಕೆ ತೆರೆದು, ಗೆದ್ದವನ ಹೆಸರಿನ ಮುಂದೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ ಬರೆದಳು. ಸುತ್ತಲಿದ್ದ ಸಾವಿರಾರು ಜನ ಅದೇ ಹೊತ್ತಿಗೆ ತಲೆ ಬಗ್ಗಿಸಿ ಅದನ್ನೇ ಬರೆಯುತ್ತಿದ್ದರು. ಗದ್ದಲದ ನಡುವೆ ಒಮ್ಮೆಗೇ ಪರೀಕ್ಷೆಯ ಕೋಣೆಯ ಮೌನ. ನಿಜ ಹೇಳಬೇಕೆಂದರೆ ಮಾರಿಸ್ ಸೋತದ್ದು ಬೈಕುಗಳಿಗಲ್ಲ, ಪುಸ್ತಿಕೆಯ ಆ ಖಾಲಿ ಚೌಕಗಳಿಗೆ.

ಇಪ್ಪತ್ತೈದು ತುಂಬುವಷ್ಟರಲ್ಲಿ ಅವನ ಪುಸ್ತಿಕೆಗಳು ಕೆಲ್ಬರಿ ಕೆಸ್ಟ್ರೆಲ್ಸ್ ತಂಡದ ಅಭಿಮಾನಿಗಳಲ್ಲಿ ಹೆಸರು ಮಾಡಿದ್ದವು. ಯಾರಿಗಾದರೂ ಅನುಮಾನ ಬಂದರೆ, ಬ್ಯಾಗ್ಲಿಯನ್ನು ಕೇಳು, ಎನ್ನುತ್ತಿದ್ದರು. ನಾಲ್ಕು ಬಣ್ಣದ ಪೆನ್ನು: ಅಂಕಕ್ಕೆ ನೀಲಿ, ಬಿದ್ದವನಿಗೆ ಕೆಂಪು, ಎಂಜಿನ್ ಕೆಟ್ಟವನಿಗೆ ಕಪ್ಪು, ಬೋನಸ್ಸಿಗೆ ಹಸಿರು. ಬೋನಸ್ ಅಂಕವೆಂದರೆ ತನ್ನ ಜೊತೆಗಾರನ ಬೆನ್ನಿಗೇ ಬಂದವನಿಗೆ ಸಿಗುವುದು. ಒಂದೇ ತಂಡದ ಇಬ್ಬರು ಒಂದರ ಹಿಂದೊಂದು ಗೆರೆ ದಾಟಿದರೆ, ಹಿಂದಿನವನು ಮುಂದಿನವನನ್ನು ಹಾಯಬಹುದಿತ್ತು, ಹಾಯಲಿಲ್ಲ, ಎದುರಾಳಿಯನ್ನು ತಡೆದು ಕಾಪಾಡಿದ ಎಂದು ಅವನಿಗೆ ಒಂದು ಅಂಕ ಹೆಚ್ಚು. ರೋಲಿ ಗಾಸ್ಲಿಂಗ್ ಬದುಕಿದ್ದೇ ಈ ಹಸಿರಿನಲ್ಲಿ. ತಂಡದ ಏಳನೆಯವನು, ರಿಸರ್ವ್ ಎನ್ನುವ ಕೊನೆಯ ಜಾಗದವನು. ಗೆದ್ದದ್ದು ಅಪರೂಪ. ಆದರೆ ಜೊತೆಗಾರ ಮುಂದೆ ಹೋದನೆಂದರೆ ರೋಲಿ ಹಿಂದೆ ಗೋಡೆ. ಎದುರಾಳಿ ತಂಡದ ಬಿಳಿ ಹೆಲ್ಮೆಟ್ಟಿನವನು ಒಳಗಿನಿಂದ ಬಂದರೆ ಒಳಗೆ, ಹೊರಗಿನಿಂದ ಬಂದರೆ ಹೊರಗೆ. ಅದನ್ನು ಕಂಡು ಆನಂದಿಸಲು ಲೆಕ್ಕ ಬರೆಯುವ ಕಣ್ಣು ಬೇಕು, ತನ್ನ ಒಬ್ಬನಿಗೇ ಅದು ಇದೆ ಎಂದು ಮಾರಿಸ್ ಜಂಬಪಡುತ್ತಿದ್ದ. ಅವನ ಪ್ರಕಾರ ಇಡೀ ಕ್ರೀಡಾಂಗಣದಲ್ಲಿ ರೋಲಿಯನ್ನು ಅರ್ಥಮಾಡಿಕೊಂಡವನು ತಾನೊಬ್ಬನೇ. ಇದನ್ನು ರೋಲಿಗೆ ತಿಳಿಸುವುದೊಂದು ಬಾಕಿಯಿತ್ತು.

ತಿಳಿಸಲು ಹೋದದ್ದು ಎಪ್ಪತ್ತೇಳರ ಸೆಪ್ಟೆಂಬರಿನಲ್ಲಿ, ಪಂದ್ಯ ಮುಗಿದ ಮೇಲೆ, ಸವಾರರು ಬೈಕು ತೊಳೆಯುವ ಜಾಗದ ಬೇಲಿಯ ಹತ್ತಿರ. ಹಸ್ತಾಕ್ಷರಕ್ಕೆ ಮುಗಿಬಿದ್ದಿದ್ದ ಗುಂಪಿನಲ್ಲಿ ಪ್ರೋಗ್ರಾಮ್ ಮಾರುವ ಡೋರೀನಳೂ ಇದ್ದಳು, ಆಗ ಇನ್ನೂ ಬರಿಯ ಪರಿಚಯ, ಅವಳಿಗೆ ಕೇಳಲೆಂದೇ ಅವನು ದನಿ ಏರಿಸಿದ್ದು. ರೋಲಿ ಯಾರಿಗೋ, ಇವತ್ತು ಎಂಟನೇ ಓಟದಲ್ಲಿ ಒಂದು ಅಂಕ ಬಂತು, ಎನ್ನುತ್ತಿದ್ದ. ಒಂದಲ್ಲ, ಬೋನಸ್ ಸೇರಿ ಎರಡು, ಎಂದು ಮಾರಿಸ್ ತಿದ್ದಿದ. ಹೊಗಳಬೇಕೆಂದೇ ಹೊರಟಿದ್ದ ಮಾತು, ಬಾಯಿಗೆ ಬರುವಷ್ಟರಲ್ಲಿ ತಪ್ಪು ಹಿಡಿದಂತಾಯಿತು. ರೋಲಿ ಮುಖದ ಮಣ್ಣು ಒರೆಸುತ್ತ ಅವನ ಬಿಲ್ಲೆಗಳ ಟೋಪಿಯಿಂದ ನಾಲ್ಕು ಬಣ್ಣದ ಪೆನ್ನಿನವರೆಗೆ ನೋಡಿದ. "ಮೇಷ್ಟ್ರು ಬಂದ್ರು, ಎಲ್ರೂ ಎದ್ದು ನಿಂತ್ಕೊಳಿ," ಎಂದ. "ಮೇಷ್ಟ್ರೇ, ಮುಂದಿನ ವಾರ ನೀವೇ ಬೈಕ್ ಹತ್ತಿ, ನಾನು ಪೆನ್ನು ಹಿಡ್ಕೊಂಡು ನಿಂತಿರ್ತೀನಿ." ಗುಂಪು ನಕ್ಕಿತು. ಡೋರೀನ್ ಎಲ್ಲರಿಗಿಂತ ಜೋರಾಗಿ ನಕ್ಕಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೂ ನಗು ನಿಲ್ಲಲಿಲ್ಲ. ಮಾರಿಸನೂ ನಕ್ಕ, ನಗದೆ ಇನ್ನೇನು ಮಾಡುವುದು. ಆ ಪೆಚ್ಚು ನಗೆ ಬಸ್ಸು ಹತ್ತಿ ಮನೆಗೆ ಬಂದು ಕನ್ನಡಿ ನೋಡಿಕೊಂಡಾಗಲೂ ಮುಖದ ಮೇಲೆ ಹಾಗೇ ಇತ್ತು.

ಅಕ್ಟೋಬರಿನಲ್ಲಿ ಮ್ಯಾನೇಜರ್ ಸ್ಟಾಕ್‌ಡೇಲ್ ವರ್ಷದ ಸರಾಸರಿಗಳನ್ನು ಬರೆದುಕೊಡು ಎಂದ. ಸಂಬಳವಿಲ್ಲದ ಕೆಲಸ, ಮಾರಿಸನಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇರಲಿಲ್ಲ. ಮುಂದಿನ ವರ್ಷಕ್ಕೆ ಇಬ್ಬರು ರಿಸರ್ವ್‌ಗಳಲ್ಲಿ ಒಬ್ಬನಿಗೇ ಜಾಗ, ಹಾಳೆ ನೋಡಿ ತೀರ್ಮಾನ ಮಾಡುತ್ತೇನೆ ಎಂದೂ ಸ್ಟಾಕ್‌ಡೇಲ್ ಹೇಳಿದ್ದ. ಅಡುಗೆಮನೆಯ ಮೇಜಿನ ಮೇಲೆ ಇಡೀ ವರ್ಷದ ಪುಸ್ತಿಕೆಗಳನ್ನು ಹರಡಿಕೊಂಡು ಮಾರಿಸ್ ಎರಡು ಭಾನುವಾರ ಕೂತ. ಆರು ಜನರಿಗೆ ನೀಲಿಯೂ ಕೂಡಿಸಿದ, ಹಸಿರೂ ಕೂಡಿಸಿದ. ರೋಲಿಗೆ ನೀಲಿ ಮಾತ್ರ. ತೊಂಬತ್ತೇಳು ಓಟ, ನೂರಹನ್ನೆರಡು ಅಂಕ, ಪಂದ್ಯಕ್ಕೆ ನಾಲ್ಕು ಓಟದ ಲೆಕ್ಕದಲ್ಲಿ ಸರಾಸರಿ ನಾಲ್ಕು ಚಿಲ್ಲರೆ. ಹಸಿರಿನ ಇಪ್ಪತ್ತೆಂಟನ್ನು ಸೇರಿಸಿದ್ದರೆ ಐದೂಮುಕ್ಕಾಲು ದಾಟುತ್ತಿತ್ತು, ಇನ್ನೊಬ್ಬ ರಿಸರ್ವ್‌ಗಿಂತ ಆರಾಮವಾಗಿ ಮೇಲೆ. ಹಾಳೆ ಕೊಟ್ಟು ಹತ್ತು ದಿನದ ಮೇಲೆ, ಹಲ್ಲುಜ್ಜುವಾಗ, ಅವನಿಗೆ ಅದು ಹೊಳೆಯಿತು. ಓಡಿಹೋಗಿ ಪುಸ್ತಿಕೆ ತೆಗೆದು ನೋಡಿದ. ಬಾಯಿಯ ನೊರೆ ಪುಟದ ಮೇಲೆ ಬಿತ್ತು. ಮರೆತೆನೋ? ಮರೆಯುವವನೇ ತಾನು, ಬೋನಸ್ಸಿನ ಪುರೋಹಿತ? ಬೇಕಂತಲೇ ಬಿಟ್ಟೆನೋ? ಬೇಕಂತ ಬಿಡುವಷ್ಟು ಗಂಡಸುತನ ತನ್ನಲ್ಲಿತ್ತೇ? ಅಷ್ಟರಲ್ಲಿ ರೋಲಿಯನ್ನು ಬಿಟ್ಟದ್ದಾಗಿತ್ತು, ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದಿತ್ತು. ಸ್ಟಾಕ್‌ಡೇಲನಿಗೆ ಫೋನ್ ಮಾಡಬಹುದಿತ್ತು. ಬೀದಿಯ ತಿರುವಿನ ಫೋನ್ ಪೆಟ್ಟಿಗೆಯವರೆಗೆ ಹೋದ, ಒಳಗೆ ಯಾರೋ ಹೆಂಗಸು ಮಾತಾಡುತ್ತಿದ್ದಳು, ಅವಳು ಮುಗಿಸಿ ಹೊರಗೆ ಬಂದು ಬಾಗಿಲು ಹಿಡಿದು ನಿಂತಳು. ಬೇಡ, ನಾನು ಸುಮ್ಮನೆ ನಿಂತಿದ್ದೆ, ಎಂದು ಮನೆಗೆ ಬಂದ. ಬ್ಯಾಗ್ಲಿ ತಪ್ಪು ಕೂಡಿಸಿದನಂತೆ ಎಂಬ ಮಾತು ಮೂರನೆಯ ತಿರುವಿನಲ್ಲಿ ಹಬ್ಬುವುದನ್ನು ಅವನಿಂದ ಊಹಿಸಿಕೊಳ್ಳಲಾಗಲಿಲ್ಲ. ರೋಲಿ ಉತ್ತರದ ಯಾವುದೋ ಸಣ್ಣ ತಂಡಕ್ಕೆ ಸೇರಿ ಒಂದೇ ವರ್ಷಕ್ಕೆ ಬೈಕು ಬಿಟ್ಟ, ಕಿಟಕಿ ಕೂಡಿಸುವ ಕೆಲಸಕ್ಕೆ ಸೇರಿದ ಎಂದು ಆಮೇಲೆ ಗೊತ್ತಾಯಿತು. ಒಬ್ಬ ಮನುಷ್ಯನ ಬಾಳನ್ನು ಪೆನ್ನಿನ ತುದಿಯಿಂದ ಹಾಳುಮಾಡಿದವನು ತಾನು: ಅಂದಿನಿಂದ ಮಾರಿಸ್ ಇದನ್ನು ಎದೆಯಲ್ಲಿಟ್ಟುಕೊಂಡು ಸಾಕಿದ. ಸಾಕಿದ ಎಂಬುದೇ ಸರಿ. ಡಿಪೋದಲ್ಲಿ ಯಾರೂ ಅವನನ್ನು ಲೆಕ್ಕಕ್ಕಿಡದ ದಿನಗಳಲ್ಲಿ, ನನ್ನೊಳಗೆ ಎಂಥ ಪಾಪ ಇದೆ ಅಂತ ಇವರಿಗೇನು ಗೊತ್ತು ಎಂದುಕೊಂಡರೆ ಒಂದು ಬಗೆಯ ಸಮಾಧಾನವಾಗುತ್ತಿತ್ತು.

ಡೋರೀನ್ ಕಾರು ಓಡಿಸಿದಳು. ಸ್ಟೆಂಟ್ ಹಾಕಿದ ಮೇಲೆ ಕೀಲಿ ಅವಳ ಕೈ ಸೇರಿತ್ತು, ಅವಳು ಐವತ್ತನ್ನು ಧಾರಾಳವಾಗಿ ದಾಟಿಸುತ್ತಿದ್ದಳು. ಕ್ರೀಡಾಂಗಣವಿದ್ದ ಜಾಗದಲ್ಲಿ ಈಗ ಮನೆಗಳು, ಒಂದೇ ತೆರನ ಕೆಂಪು ಹಂಚು. ಬೀದಿಗಳಿಗೆ ಹಳೆಯ ಸವಾರರ ಹೆಸರಿಟ್ಟಿದ್ದಾರೆ. ಹೆಸರುಗಳನ್ನು ಸೂಚಿಸಲು ಪುರಸಭೆಯವರು ಮಾರಿಸನನ್ನೇ ಕೇಳಿದ್ದರು, ಅವನು ಆರು ಹೆಸರು ಕೊಟ್ಟಿದ್ದ. ಏಳನೆಯದನ್ನು ಬರೆದು, ಗಾಸ್ಲಿಂಗ್ ಬೀದಿ ಎಂಬ ಫಲಕದ ಕೆಳಗೆ ತಾನು ದಿನಾ ನಾಯಿ ತಿರುಗಿಸಬೇಕಾದೀತು ಎಂದು ಹೊಡೆದುಹಾಕಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಡೋರೀನ್ ಅವನ ಕಾಲರ್ ಸರಿಮಾಡಿದಳು.

ಹಾಲಿನಲ್ಲಿ ಗ್ವೆನ್‌ಳ ನಿಯಮವೊಂದು ಗೋಡೆಯ ಮೇಲೇ ಇತ್ತು: ತುಳಿಯುವಾಗ ಮಾತಾಡಲು ಆಗುತ್ತಿರಬೇಕು, ಹಾಡಲು ಆಗಬಾರದು, ಹಾಡಲು ಆದರೆ ಸಾಲದು, ಮಾತೂ ಆಗದಿದ್ದರೆ ಜಾಸ್ತಿಯಾಯಿತು ಎಂದರ್ಥ. ಹತ್ತು ನಿಮಿಷ ಮಾರಿಸ್ ಮಾತೂ ಇಲ್ಲದೆ ಹಾಡೂ ಇಲ್ಲದೆ ತುಳಿದ. ಪಕ್ಕದಲ್ಲಿ ರೋಲಿ ಕಿಟಕಿಯಾಚೆ ನೋಡುತ್ತ ನಿಧಾನ ತುಳಿಯುತ್ತಿದ್ದ, ಎಡಗಾಲು ಆಗಾಗ ಪೆಡಲ್ ಬಿಡುತ್ತಿತ್ತು. ಹನ್ನೊಂದನೆಯ ನಿಮಿಷಕ್ಕೆ ಮಾರಿಸ್ ಬಾಯಿ ತೆರೆದ. ಕೆಲ್ಬರಿಯಲ್ಲಿ ತಾನು ಲೆಕ್ಕ ಬರೆಯುತ್ತಿದ್ದವನು ಎಂದ. ರೋಲಿ ತಿರುಗಿ, ಈ ಕಿವಿ ಪೂರಾ ಹೋಗಿದೆ, ಸ್ವಲ್ಪ ಗಟ್ಟಿಯಾಗಿ ಹೇಳಿ, ಎಂದ. ಏಳು ವಾರ ಮನಸ್ಸಿನಲ್ಲಿ ಮೆಲುದನಿಯಲ್ಲಿ ಒಪ್ಪವಾಗಿ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಈಗ ಕಿರುಚಬೇಕಾಯಿತು. "ಎಪ್ಪತ್ತೇಳರಲ್ಲಿ ನಿಮ್ಮ ಇಪ್ಪತ್ತೆಂಟು ಬೋನಸ್ ಅಂಕ ಬಿಟ್ಟು ಬರೆದವನು ನಾನು," ಎಂದು ಕಿರುಚಿದ. "ಅದಕ್ಕೇ ನಿಮ್ಮನ್ನ ತಂಡದಿಂದ ತೆಗೆದದ್ದು." ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಳು. ಅಷ್ಟರಲ್ಲಿ ಮಾರಿಸನ ಎದೆಗೆ ಕಟ್ಟಿದ್ದ ಯಂತ್ರ ಕೀಂ ಕೀಂ ಎನ್ನತೊಡಗಿತು, ಗ್ವೆನ್ ಓಡಿಬಂದಳು. ಎದೆಬಡಿತ ನೂರ ನಲವತ್ತೆರಡು, ಬ್ಯಾಗ್ಲಿ ಅವರೇ, ಏನು ರೇಸ್ ಓಡಿಸ್ತಾ ಇದ್ದೀರಾ, ಇಳೀರಿ ಕೆಳಗೆ, ಎಂದು ಅವನ ಕಂಕುಳಿಗೆ ಕೈಹಾಕಿ ಇಳಿಸಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು, ಕೈಗೆ ಪ್ಲಾಸ್ಟಿಕ್ ಲೋಟದಲ್ಲಿ ನೀರು ಕೊಟ್ಟಳು, ಎಲ್ಲರೂ ನೋಡುವಂತೆ. ಜೀವನದ ಒಂದೇ ಒಂದು ದೊಡ್ಡ ಮಾತು ಆಡಿದವನು ಸಣ್ಣ ಮಗುವಿನಂತೆ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತ.

ರೋಲಿ ತನ್ನ ಇಪ್ಪತ್ತು ನಿಮಿಷವನ್ನು ಪೂರ್ತಿ ತುಳಿದು ಮುಗಿಸಿದ. ಆ ಒಂಬತ್ತು ನಿಮಿಷ ಮಾರಿಸ್ ಅವನ ಬೆನ್ನನ್ನೇ ನೋಡುತ್ತಿದ್ದ; ಬೈಯುತ್ತಾನೋ, ಹೊಡೆಯುತ್ತಾನೋ, ಸುಮ್ಮನೆ ಎದ್ದು ಹೋಗುತ್ತಾನೋ. ಹೋಗಿಬಿಡಲಿ ಎಂದು ಒಮ್ಮೆ, ಹೋಗದಿರಲಿ ಎಂದು ಇನ್ನೊಮ್ಮೆ. ಕೊನೆಗೆ ರೋಲಿ ಇಳಿದು, ಟವೆಲಿನಿಂದ ಕತ್ತು ಒರೆಸಿಕೊಂಡು ಬಂದು ಪಕ್ಕದ ಕುರ್ಚಿ ಎಳೆದುಕೊಂಡ, ಕೇಳುವ ಕಿವಿ ಇವನ ಕಡೆಗೆ ಬರುವಂತೆ.

"ಮರೆತು ಬಿಟ್ಟದ್ದಾ, ಬೇಕಂತ ಬಿಟ್ಟದ್ದಾ?" ಎಂದು ಕೇಳಿದ.

"ಗೊತ್ತಿಲ್ಲ," ಎಂದ ಮಾರಿಸ್. "ನಿಜವಾಗ್ಲೂ ಗೊತ್ತಿಲ್ಲ. ಒಂದ್ಸಲ ನೀವು ನನ್ನನ್ನ ಎಲ್ಲರೆದುರು ಮೇಷ್ಟ್ರು ಅಂತ ನಗಾಡಿದ್ರಿ."

"ನಾನಾ? ನೆನಪಿಲ್ಲಪ್ಪ."

ಮಾರಿಸನಿಗೆ ಪಿಚ್ಚೆನಿಸಿತು. ತನ್ನ ಇಡೀ ಪಾಪಕ್ಕೆ ಬುಡವಾಗಿದ್ದ ಅವಮಾನ ಅವಮಾನಿಸಿದವನ ನೆನಪಿನಲ್ಲೇ ಇಲ್ಲ. ರೋಲಿ ಟವೆಲನ್ನು ಮೊಣಕಾಲ ಮೇಲೆ ಮಡಿಸಿಟ್ಟುಕೊಂಡ. ಆಮೇಲೆ, ನಮಗೆ ಅಂಕಕ್ಕೆ ಇಷ್ಟು ಅಂತ ಕೂಲಿ ಕೊಡ್ತಿದ್ರು, ಬೋನಸ್ಸಿಗೂ ಕೊಡ್ತಿದ್ರು, ಪ್ರತಿ ಶುಕ್ರವಾರ ಎಣಿಸಿ ಜೇಬಿಗೆ ಹಾಕ್ಕೊಂಡವನಿಗೆ ತನ್ನ ಅಂಕ ಎಷ್ಟು ಅಂತ ಗೊತ್ತಿರಲ್ವಾ, ಎಂದ. ಸ್ಟಾಕ್‌ಡೇಲ್ ಆಫೀಸಿಗೆ ಕರೆಸಿ ಹಾಳೆ ತಿರುಗಿಸಿ ತೋರಿಸಿದ್ದನಂತೆ. ನೋಡಿದ ಕೂಡಲೇ ಬೋನಸ್ ಬಿಟ್ಟುಹೋಗಿದೆ ಎಂದು ರೋಲಿಗೆ ಗೊತ್ತಾಯಿತಂತೆ. ಇವನು ಬೇಕಂತಲೇ ಹೀಗೆ ಬರೆದಿದ್ದಾನೆ ಎಂದು ಸ್ಟಾಕ್‌ಡೇಲನ ಮೇಲೇ ಅನುಮಾನಪಟ್ಟನಂತೆ. ಬರೆದವನು ಬೇರೊಬ್ಬ ಎಂದು ಇವತ್ತಿನವರೆಗೂ ತಿಳಿದಿರಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದ ಮಾರಿಸ್. ಅವನ ದನಿಯಲ್ಲಿ ಸಿಟ್ಟಿತ್ತು, ಅದು ಅವನಿಗೇ ಆಶ್ಚರ್ಯ.

"ಹೆದರಿಕೆ ಆಗಿತ್ತು ಕಣಯ್ಯಾ. ಆ ವರ್ಷ ಆಗಸ್ಟಿಂದ ಪ್ರತಿ ಓಟಕ್ಕೂ ಮುಂಚೆ ವ್ಯಾನಿನ ಹಿಂದೆ ಹೋಗಿ ವಾಂತಿ ಮಾಡ್ಕೊಂಡು ಬರ್ತಿದ್ದೆ. ಬಿಡ್ತೀನಿ ಅಂತ ಅಪ್ಪನ ಮುಂದೆ ಹೇಗೆ ಹೇಳೋದು? ಬೈಕಿಗೋಸ್ಕರ ಅವರು ತಮ್ಮ ಲಾರಿ ಮಾರಿದ್ರು. ಆ ಹಾಳೆ ನೋಡಿದಾಗ ದೇವರೇ ಬಾಗಿಲು ತೆಗೆದ ಹಾಗಾಯ್ತು. ಯಾರು ತೆಗೆದ್ರು ಅಂತ ಕೇಳೋಕೆ ನಿಲ್ಲಲಿಲ್ಲ. ಹೊರಗೆ ಬಂದ್ಬಿಟ್ಟೆ. ಉತ್ತರದಲ್ಲಿ ಒಂದು ವರ್ಷ ಓಡಿಸಿದ್ದೂ ಅಪ್ಪನ ಮುಖ ನೋಡಿ."

ಮಾರಿಸನಿಗೆ ಮೊದಲು ಮೈ ಹಗುರಾಯಿತು, ಮರುಕ್ಷಣವೇ ಮೋಸಹೋದಂತಾಯಿತು. ನಲವತ್ತಾರು ವರ್ಷ ಹೊತ್ತು ತಿರುಗಿದ್ದು ಇದನ್ನೇನು? ಅಂಗಡಿಯಿಂದ ಕದ್ದೆ ಎಂದು ಜೀವಮಾನವಿಡೀ ಬೆವರಿದ ವಸ್ತುವನ್ನು ಅಂಗಡಿಯವನು, ಅದನ್ನ ಎಸೆಯೋಣ ಅಂತ ಹೊರಗಿಟ್ಟಿದ್ದೆ, ಎಂದಂತಾಯಿತು. ಹಾಗಾದರೆ ತಾನು ಯಾರ ಬಾಳನ್ನೂ ಹಾಳುಮಾಡಲಿಲ್ಲ. ತಾನು ಬರಿಯ ಬ್ಯಾಗ್ಲಿ, ಬಸ್ಸುಗಳ ವೇಳೆ ಬರೆದವನು. ಹೀಗಂದುಕೊಳ್ಳುತ್ತಲೇ ಅವನ ಮುಖದ ಮೇಲೆ ಒಂದು ನಗು ಮೂಡುವುದರಲ್ಲಿತ್ತು. ಡೋರೀನಳಿಗೆ ಇದನ್ನು ಹೇಗೆ ಹೇಳಬೇಕು, ಯಾವ ಜಾಗದಲ್ಲಿ ಅವಳು ನಗುತ್ತಾಳೆ ಎಂದೂ ಯೋಚಿಸತೊಡಗಿದ್ದ.

"ಆದ್ರೆ ನನ್ನ ಜಾಗಕ್ಕೆ ನೈಜೆಲ್ ಹೋದ," ಎಂದ ರೋಲಿ.

ನೈಜೆಲ್. ನೈಜೆಲ್ ವಾಟ್ಲಿಂಗ್. ಆ ಇನ್ನೊಬ್ಬ ರಿಸರ್ವ್. ಎಪ್ಪತ್ತೆಂಟರ ಮೇ ತಿಂಗಳ ಎರಡನೆಯ ಶುಕ್ರವಾರ, ನಾಲ್ಕನೆಯ ಓಟ, ಎರಡನೆಯ ತಿರುವು. ಮಾರಿಸ್ ಅಲ್ಲಿದ್ದ, ಎಲ್ಲಿಗೆ ಹೋಗುತ್ತಾನೆ. ಮುಂದಿನ ಬೈಕಿನ ಚಕ್ರ ತಾಗಿ ಹುಡುಗ ಬೇಲಿಗೆ ಹೋಗಿ ಬಡಿದದ್ದನ್ನು ಅವನು ನೋಡಿದ. ಆಂಬುಲೆನ್ಸ್ ನಿಧಾನವಾಗಿ ಮಣ್ಣಿನ ಮೇಲೆ ಬಂದದ್ದು, ಜೊತೆಗಾರರು ಸುತ್ತ ನಿಂತು ಮರೆಮಾಡಿದ್ದು, ಇಪ್ಪತ್ತು ನಿಮಿಷ ಯಾರೂ ಮಾತಾಡದೆ ನಿಂತದ್ದು. ಆಮೇಲೆ ಓಟವನ್ನು ಮತ್ತೆ ನಡೆಸಿದರು, ಮೂವರೇ. ಮಾರಿಸ್ ಪೆನ್ನಿನ ಕೆಂಪು ಗುಂಡಿ ಒತ್ತಿ ನೈಜೆಲ್ ಹೆಸರಿನ ಮುಂದೆ, ಬಿದ್ದ, ಎಂಬ ಗುರುತು ಹಾಕಿದ, ನೀಲಿ ಒತ್ತಿ ಉಳಿದ ಮೂವರ ಅಂಕ ಬರೆದ. ಹುಡುಗನಿಗಾಗಿ ಬಕೆಟ್ ಹಿಡಿದು ಬಂದಾಗ ಒಂದು ಪೌಂಡ್ ನೋಟು ಹಾಕಿದ. ಆ ದಿನಗಳಲ್ಲಿ ಅದು ಸಣ್ಣದಲ್ಲ, ತನ್ನ ಬಗ್ಗೆ ತನಗೇ ಗೌರವ ಬಂತು. ಬೆನ್ನುಹುರಿ ಮುರಿದಿದೆ, ಇನ್ನು ನಡೆಯುವುದಿಲ್ಲ ಎಂದು ಮರುವಾರ ಧ್ವನಿವರ್ಧಕದಲ್ಲಿ ಹೇಳಿದರು. ಮಾರಿಸನಿಗೆ ಬೇಸರವಾಗಿತ್ತು, ಎಲ್ಲರಿಗೂ ಆಗಿತ್ತು. ಆದರೆ ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಅವನ ತಲೆಗೆ ಬಂದ ಯೋಚನೆ ಈಗ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಂತೆ ಪೂರ್ತಿಯಾಗಿ, ಬಸ್ಸಿನ ಕಿಟಕಿಯ ಸಮೇತ, ಮರಳಿ ಬಂತು. ಸದ್ಯ, ರೋಲಿ ಅಲ್ಲಿರಲಿಲ್ಲ, ಎಂದುಕೊಂಡಿದ್ದ. ಒಂದು ಲೆಕ್ಕದಲ್ಲಿ ನನ್ನ ತಪ್ಪಿನಿಂದ ಅವನಿಗೆ ಒಳ್ಳೆಯದೇ ಆಯಿತು, ಎಂದು ತನ್ನ ಪಾಪದಿಂದ ಒಂದು ಪಾಲು ಕಳೆದುಕೊಂಡಿದ್ದ. ಅಷ್ಟು ಮಾತ್ರ ಕೂಡಿ ಕಳೆದು, ಅಲ್ಲಿಗೇ ನಿಲ್ಲಿಸಿದ್ದ. ರೋಲಿ ಇಲ್ಲದ ಜಾಗದಲ್ಲಿ ಇನ್ನೊಬ್ಬ ಇದ್ದನಲ್ಲ ಎಂಬ ಯೋಚನೆ, ಬಂದಿದ್ದರೆ ಕಳೆದ ನಲವತ್ತೈದು ವರ್ಷಗಳಲ್ಲಿ ಯಾವಾಗ ಬೇಕಾದರೂ ಬರಬಹುದಾಗಿದ್ದ ಯೋಚನೆ, ಒಮ್ಮೆಯೂ ಬಂದಿರಲಿಲ್ಲ. ಕೈಯಲ್ಲಿದ್ದ ಲೋಟ ಅಮುಕಿ ನೀರು ಪ್ಯಾಂಟಿನ ಮೇಲೆ ಚೆಲ್ಲಿತು.

ರೋಲಿ ಅದನ್ನು ನೋಡಿಯೂ ನೋಡದವನಂತೆ ತನ್ನ ಟವೆಲ್ ಕೊಟ್ಟ. ಹುಡುಗನಿಗೆ ಆಗ ಹತ್ತೊಂಬತ್ತು, ಎಂದ. ನಾನು ಆ ಆಫೀಸಿನಲ್ಲಿ ಬಾಯಿಬಿಟ್ಟು ಎರಡು ಮಾತು ಆಡಿದ್ದರೆ ಅವನು ಮನೆಗೆ ಹೋಗುತ್ತಿದ್ದ, ನಾನು ಉಳಿಯುತ್ತಿದ್ದೆ, ಎಂದ. ನಾಲ್ಕು ವರ್ಷ ಅವನನ್ನು ನೋಡಲು ಧೈರ್ಯ ಬರಲಿಲ್ಲವಂತೆ. ಐದನೆಯ ವರ್ಷ ಹೋಗಿ ಎಲ್ಲ ಹೇಳಿದನಂತೆ. ನೈಜೆಲ್ ಏನೆಂದ ಎಂದು ಮಾರಿಸ್ ಕೇಳಲು ಹೋಗಿ ಕೇಳದೆ ಬಿಟ್ಟ, ರೋಲಿ ತಾನಾಗಿ ಹೇಳಲೂ ಇಲ್ಲ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಹೋಗುತ್ತಾನೆ, ಗಾಲಿಕುರ್ಚಿ ತಳ್ಳಿಕೊಂಡು ಕಾಲುವೆಯ ದಂಡೆಗೆ ಕರೆದೊಯ್ಯುತ್ತಾನೆ, ಬೈಕಿನ ಮಾತು ಆಡುವುದಿಲ್ಲ. ಸ್ಟೆಂಟ್ ಹಾಕಿದ ಮೇಲೆ ಏರುದಾರಿಯಲ್ಲಿ ಒಬ್ಬನಿಗೇ ತಳ್ಳುವುದು ಕಷ್ಟವಾಗಿದೆ.

"ಇಷ್ಟು ವರ್ಷ ಈ ವಿಷಯದಲ್ಲಿ ನಾನೊಬ್ನೇ ಅಂದ್ಕೊಂಡಿದ್ದೆ," ಎಂದ ರೋಲಿ. "ನೀನೂ ಇದ್ದೀಯ ಅಂತಾಯ್ತು. ಭಾನುವಾರ ಎರಡೂವರೆಗೆ ಹೋಗ್ತೀನಿ. ಅವನ ಹತ್ರ ಹೇಳು ಅಂತ ನಾನು ಹೇಳಲ್ಲ, ಹೇಳ್ಬೇಡ ಅಂತಾನೂ ಹೇಳಲ್ಲ. ಬರ್ತೀಯಾ?"

ನೆಪಗಳು ಎಂದಿನಂತೆ ಸಾಲಾಗಿ ಬಂದು ನಿಂತವು: ಭಾನುವಾರ ಡೋರೀನಳ ಅಕ್ಕ ಊಟಕ್ಕೆ ಬರುತ್ತಾಳೆ, ನಾಯಿಯ ಕಾಲು ನೋಯುತ್ತಿದೆ, ತನಗೂ ಏರುದಾರಿ ಆಗುವುದಿಲ್ಲ. ಒಂದೊಂದೂ ನಿಜವಾದ ನೆಪ. ಮಾರಿಸ್ ಉತ್ತರ ಕೊಡುವಷ್ಟರಲ್ಲಿ ಗ್ವೆನ್ ಬಂದು ಇಬ್ಬರ ನಾಡಿಯನ್ನೂ ಹಿಡಿದು ನೋಡಿ, ಎಂಟು ವಾರ ಮುಗಿಸಿದ್ದಕ್ಕೆ ತಲಾ ಒಂದು ಪ್ರಶಸ್ತಿಪತ್ರ ಕೈಗಿತ್ತಳು. ರೋಲಿ ಮಾರಿಸನ ಪತ್ರದ ಹಿಂಬದಿಯಲ್ಲಿ ತನ್ನ ಮನೆಯ ವಿಳಾಸ ಬರೆದುಕೊಟ್ಟು, ಕೋಟು ಹಾಕಿಕೊಂಡು ಹೊರಟ.

ಕಾರಿನಲ್ಲಿ ಡೋರೀನ್ ಪದಬಂಧ ಬಿಡಿಸುತ್ತ ಕೂತಿದ್ದಳು. ಅವನು ಬೆಲ್ಟ್ ಹಾಕಿಕೊಳ್ಳುವವರೆಗೆ ಕಾದು, ಹೇಳಿದ್ಯಾ ಎಂದಳು. ಹೇಳಿದೆ ಎಂದ. ಬೈದನಾ ಎಂದಳು. ಇಲ್ಲ ಎಂದ. ಅವಳು ಅವನ ಒದ್ದೆ ಪ್ಯಾಂಟು ನೋಡಿದಳು, ಮುಖ ನೋಡಿದಳು, ತಮಾಷೆಗೆಂದು ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

"ನೈಜೆಲ್ ವಾಟ್ಲಿಂಗ್ ನೆನಪಿದ್ದಾನಾ ನಿಂಗೆ?" ಎಂದು ಮಾರಿಸ್ ಕೇಳಿದ. "ರೋಲಿ ಬದಲಿಗೆ ಉಳಿಸ್ಕೊಂಡ್ರಲ್ಲ. ಎರಡನೇ ತಿರುವಲ್ಲಿ ಬಿದ್ದನಲ್ಲ."

ಡೋರೀನ್ ಕೀಲಿಯ ಮೇಲೆ ಕೈಯಿಟ್ಟು ಯೋಚಿಸಿದಳು. "ಬಿದ್ದದ್ದು ನೆನಪಿದೆ. ಪಾಪ, ಅವನ ಮುಖವೇ ಕಣ್ಮುಂದೆ ಬರ್ತಿಲ್ಲ ನೋಡು. ಹೇಗಿದ್ದ ಅವನು?"

ಮಾರಿಸ್ ಕಣ್ಣು ಮುಚ್ಚಿದ. ಎತ್ತರವಿದ್ದನೋ ಗಿಡ್ಡನೋ, ಕೂದಲು ಯಾವ ಬಣ್ಣ, ನಗುತ್ತಿದ್ದನೋ, ಬೇಲಿಯ ಹತ್ತಿರ ಬಂದು ಯಾರ ಕೂಡ ಮಾತಾಡುತ್ತಿದ್ದನೋ, ಅವನಿಗೂ ಲಾರಿ ಮಾರಿದ ಅಪ್ಪ ಒಬ್ಬ ಇದ್ದನೋ. ಇಡೀ ಒಂದು ವರ್ಷ ಪ್ರತಿ ಶುಕ್ರವಾರ ಅವನು ಕಣ್ಣೆದುರೇ ಹಾದುಹೋಗಿದ್ದ, ಎದ್ದ ಮಣ್ಣು ಮುಖಕ್ಕೆ ಬಿದ್ದಿತ್ತು. ಹುಡುಕಿದಷ್ಟೂ ಬಂದದ್ದು ಒಂದೇ: ಐದು ಪಾಯಿಂಟ್ ಒಂದು ಎರಡು. ಆ ವರ್ಷದ ಅವನ ಸರಾಸರಿ, ಬೋನಸ್ ಸೇರಿ, ಬಿಂದುವಿನ ಮುಂದಿನ ಎರಡು ಸ್ಥಾನದವರೆಗೆ ಸರಿಯಾಗಿ. ಆ ಹುಡುಗನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ. ಹೆಂಡತಿಯ ಮುಂದೆ ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಯಿತು.

"ಗೊತ್ತಿಲ್ಲ," ಎಂದ. "ಭಾನುವಾರ ಹೋಗಿ ನೋಡ್ಬೇಕು."